ಶೋಲಾವರದ ಸದ್ದು

ಕೊಲ್ಲಮೊಗ್ರಿನಂತಹ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ನೇರವಾದ ರಸ್ತೆ ಎಂಬುದೇ ಒಂದು ಬೆರಗು. ನಮ್ಮಲ್ಲಿ ಹತ್ತು ಮಾರು ನಡೆಯುವುದರೊಳಗೆ ಗುಡ್ಡವೋ ಹೊಳೆಯೋ ಅಡಿಕೆ ತೋಟದ ಬೇಲಿಯೋ ಅಡ್ಡ ಬಂದು ದಾರಿಯನ್ನು ತಿರುಗಿಸಿಬಿಡುತ್ತದೆ. ಅಂಥವನು ಎಂಬತ್ತರ ದಶಕದಲ್ಲಿ ಮದರಾಸಿನ ಬಳಿಯ ಶೋಲಾವರವನ್ನು ಕಂಡು ಬಾಯಿ ಬಿಟ್ಟನೆಂದರೆ ಓದುಗರು ನಗಬಾರದು.

ಅದು ಪಂದ್ಯಕ್ಕೆಂದು ಕಟ್ಟಿದ ಅಂಗಳವೇ ಅಲ್ಲ; ಎರಡನೆಯ ಮಹಾಯುದ್ಧ ಬಿಟ್ಟುಹೋದ ವಿಮಾನದ ಓಡುಹಾದಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1950ರ ದಶಕದಿಂದ ಅಲ್ಲಿ ಕಾರು, ಮೋಟಾರ್ ಸೈಕಲ್ಲುಗಳ ಪಂದ್ಯ ನಡೆಸುತ್ತಿದ್ದರು. ಸಿರಿವಂತರ ಕಾರುಗಳು ಗುಡುಗಿದಾಗ ಜನ ಕುಣಿದರು, ನಿಜ. ಆದರೆ ನನ್ನ ಎದೆ ಹಿಗ್ಗಿದ್ದು ನಮ್ಮ ಮೈಸೂರಿನಲ್ಲಿ ತಯಾರಾದ ಯೆಜ್ಡಿಯ ಸದ್ದಿಗೆ, ಎಣ್ಣೆ ಬೆರೆತ ಪೆಟ್ರೋಲಿನ ಆ ಹೊಗೆಯ ವಾಸನೆಗೆ. ನಮ್ಮೂರಿನ ಏರಿನಲ್ಲಿ ಅಡಿಕೆ ಮೂಟೆ ಹೊತ್ತು ಏದುಸಿರು ಬಿಡುವ ಅದೇ ಗಾಡಿ, ಇಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯ!

1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಹಾದಿ ಬಂತು. ಶೋಲಾವರದ ಗದ್ದಲ ಅಡಗಿತು. ಹೊಸ ಹಾದಿ ಸವಾರನಿಗೆ ಹೆಚ್ಚು ಕ್ಷೇಮ, ಅದನ್ನು ಅಲ್ಲಗಳೆಯಲಾರೆ. ನನ್ನ ನೆನಪಿಗಿಂತ ಅವನ ಪ್ರಾಣ ದೊಡ್ಡದು. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತು.

ಯೆಜ್ಡಿ ಎಂಬ ಹೆಸರು 2022ರಲ್ಲಿ ಮರಳಿ ಬಂದಿದೆ, ನಾಲ್ಕು ಸ್ಟ್ರೋಕಿನ ಯಂತ್ರದೊಡನೆ. ಗಾಡಿ ಚೆಂದವೇ. ಆದರೆ, ಸಂತೆಗೆ ಹೋಗುವ ನಮ್ಮ ಗಾಡಿಯೂ ಪಂದ್ಯದಲ್ಲಿ ಓಡೀತು ಎಂಬ ಸಲುಗೆಯನ್ನು ನನಗೆ ಕೊಟ್ಟದ್ದು ಆ ಹಳೆಯ ಸದ್ದು. ಅದನ್ನು ಮಾತ್ರ ಯಾವ ಅಂಗಡಿಯಲ್ಲೂ ಕೇಳಿ ಪಡೆಯುವಂತಿಲ್ಲ.