ಎರಡು ಕೊಳಗಗಳ ನಡುವೆ

ಪೀಣ್ಯದ ಆ ಪುಟ್ಟ ಶೆಡ್ಡಿನ ಮುಂದೆ ಟೆಂಪೋ ಬಂದು ನಿಂತದ್ದು 1996ರ ಬೇಸಿಗೆಯ ಒಂದು ಮಧ್ಯಾಹ್ನ. ಕಳಿಸಿಕೊಟ್ಟಿದ್ದ ಉಕ್ಕಿನ ಬುಷ್‌ಗಳಲ್ಲಿ ಒಂದು ಪೆಟ್ಟಿಗೆ ಇಡಿಯಾಗಿ ಹಿಂದಿರುಗಿತ್ತು. ಜೊತೆಗಿದ್ದ ಚೀಟಿಯಲ್ಲಿ ‘ರಂಧ್ರ ದೊಡ್ಡದು, ತಿರಸ್ಕೃತ’ ಎಂದಷ್ಟೇ ಬರೆದಿತ್ತು.

ಮಾಲೀಕರು ತಲೆ ಮೇಲೆ ಕೈಹೊತ್ತು ಕುಳಿತರು. ಒಂದೊಂದು ಬುಷ್ಷನ್ನೂ ಅವರ ಶೆಡ್ಡಿನಲ್ಲಿ ಗೇಜು ಹಾಕಿ ನೋಡಿಯೇ ಕಳಿಸಿದ್ದು. ಆ ಗೇಜನ್ನು ವಿನ್ಯಾಸ ಮಾಡಿದ್ದೂ ಅವರೇ.

ಗೇಜು ಎಂದರೆ ಅಂಥ ದೊಡ್ಡ ಯಂತ್ರವೇನಲ್ಲ. ಎರಡು ತುದಿಯ ಒಂದು ಉಕ್ಕಿನ ಗೂಟ. ‘ಗೋ’ ತುದಿ ರಂಧ್ರದೊಳಗೆ ಹೋಗಬೇಕು, ‘ನೋ-ಗೋ’ ತುದಿ ಹೋಗಬಾರದು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಹಾಕಿಕೊಟ್ಟ ಸೂತ್ರವನ್ನು ಇಂದಿಗೂ ಎಲ್ಲರೂ ಪಾಲಿಸುತ್ತಾರೆ: ಗೋ ತುದಿ ರಂಧ್ರದ ಪೂರ್ತಿ ಆಕಾರವನ್ನು ಒಮ್ಮೆಗೇ ಪರೀಕ್ಷಿಸಬೇಕು, ನೋ-ಗೋ ಒಂದು ಸಲಕ್ಕೆ ಒಂದೇ ಅಳತೆಯನ್ನು. ಇಷ್ಟರವರೆಗೆ ಜಗಳವಿಲ್ಲ. ಜಗಳ ಹುಟ್ಟುವುದು ಗೂಟವನ್ನು ಎಷ್ಟು ದಪ್ಪ ಮಾಡಬೇಕು ಎಂಬಲ್ಲಿ. ಗೇಜನ್ನೂ ಮನುಷ್ಯನೇ ಮಾಡುವುದರಿಂದ ಅದಕ್ಕೂ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದಲ್ಲ!

ಮಾಲೀಕರು ತಮ್ಮ ಗೇಜನ್ನು ಜೇಬಿಗೆ ಹಾಕಿಕೊಂಡು ಗಿರಾಕಿ ಕಂಪನಿಯ ತಪಾಸಣೆ ಕೋಣೆಗೇ ಹೋದರು. ನಕ್ಷೆಯಲ್ಲಿದ್ದದ್ದು 25 ಎಚ್7, ಅಂದರೆ ರಂಧ್ರ 25.000ರಿಂದ 25.021 ಮಿಲಿಮೀಟರ್ ಒಳಗಿರಬೇಕು. ಇವರ ಗೇಜು ಐಎಸ್‌ಒ 1938ರ ಲೆಕ್ಕದ್ದು. ಆ ಲೆಕ್ಕದಲ್ಲಿ ನೋ-ಗೋ ತುದಿ ಮೇಲಿನ ಮಿತಿಯ ಆಚೀಚೆ ಎರಡೆರಡು ಮೈಕ್ರಾನ್ ಇರಬಹುದು, ಇವರದು 25.022 ಇತ್ತು. ಕಂಪನಿಯವರು ಹಿಡಿದಿದ್ದದ್ದು ಹಳೆಯ ಹತ್ತನೇ ಒಂದು ಪಾಲಿನ ಪದ್ಧತಿ. ಸೈರಣೆಯ ಹತ್ತನೇ ಒಂದನ್ನು ಗೇಜಿಗೆ ಕೊಡುವುದು, ಅದೂ ಮಿತಿಯ ಒಳಗೇ. ಅವರ ನೋ-ಗೋ 25.019. ತಿರಸ್ಕರಿಸಿದ್ದ ಒಂದು ಬುಷ್ಷನ್ನು ಬೇರೆಯಾಗಿ ಅಳೆದು ನೋಡಿದರೆ 25.020! ನಕ್ಷೆಯ ಪ್ರಕಾರ ಅಪ್ಪಟ ಸರಿಯಾದ ಬುಷ್. ಎರಡು ಗೇಜುಗಳಲ್ಲಿ ಯಾವುದೂ ಸುಳ್ಳು ಹೇಳಿರಲಿಲ್ಲ.

ಹಿಂದೆ ಹಳ್ಳಿಗಳಲ್ಲಿ ಸಾಲ ಕೊಡುವ ಕೊಳಗ ಬೇರೆ, ವಸೂಲಿ ಮಾಡುವ ಕೊಳಗ ಬೇರೆ ಎಂಬ ದೂರಿತ್ತು. ಅಲ್ಲಿ ಮೋಸವಿತ್ತು. ಇಲ್ಲಿ ಮೋಸವಿಲ್ಲ, ಸಂಶಯದ ಆ ಎರಡು ಮೈಕ್ರಾನು ಯಾರ ಪಾಲಿಗೆ ಎಂಬ ಪ್ರಶ್ನೆಯಷ್ಟೇ. ಒಂದು ಪದ್ಧತಿಯಲ್ಲಿ ಕೆಟ್ಟ ಮಾಲು ದಾಟದು, ಒಳ್ಳೆಯದೊಂದಿಷ್ಟು ಬಲಿಯಾಗುತ್ತದೆ. ಇನ್ನೊಂದರಲ್ಲಿ ಅಂಚಿನ ಕೆಟ್ಟದ್ದು ನುಸುಳೀತು, ಆದರೆ ಗೇಜಿಗೆ ಆಯುಷ್ಯ ಹೆಚ್ಚು. ಸವೆಯಲೆಂದೇ ಗೋ ತುದಿಯನ್ನು ಮೊದಲು ಮಿತಿಗಿಂತ ಕೊಂಚ ದಪ್ಪ ಮಾಡಿರುತ್ತಾರೆ.

ಯಾವುದನ್ನು ಆರಿಸಬೇಕು? ಭಾರತೀಯ ಮಾನಕ ಐಎಸ್ 3455 ಇದೆ, ಬ್ರಿಟಿಷರದಿದೆ, ಅಮೆರಿಕದ್ದಿದೆ. ಪುಸ್ತಕದ ಹೆಸರಿಗಿಂತ ಕೊಡುವವನೂ ಕೊಳ್ಳುವವನೂ ಒಂದನ್ನೇ ಹಿಡಿಯುವುದು ದೊಡ್ಡದು. ಹಳೆಯ ಕಾರ್ಖಾನೆಗಳಲ್ಲಿ ಇದಕ್ಕೊಂದು ಜಾಣತನದ ಏರ್ಪಾಡಿತ್ತು: ಕೆಲಸಗಾರನ ಗೇಜು ಮಿತಿಯ ಒಳಗೆ, ಇನ್‌ಸ್ಪೆಕ್ಟರನ ಗೇಜು ಮಿತಿಯ ಹೊರಗೆ. ಹಾಗಾಗಿ ಅಂಗಳದಲ್ಲಿ ಪಾಸಾದದ್ದು ತಪಾಸಣೆಯಲ್ಲಿ ಫೇಲಾಗುತ್ತಿರಲಿಲ್ಲ. ಪೀಣ್ಯದ ಪ್ರಕರಣದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು.

ಮಾಲೀಕರು ಕಡೆಗೆ ಬಿಗಿಯಾದದ್ದನ್ನೇ ಆರಿಸಿಕೊಂಡರು. ಅದು ಪುಕ್ಕಟೆ ಬರಲಿಲ್ಲ. ಹೊಸ ರೀಮರು ಮೊದಮೊದಲು ಕೊಂಚ ದೊಡ್ಡದಾಗಿಯೇ ಕೊರೆಯುವುದು. ಇನ್ನು ಆ ಸಲಿಗೆ ಇಲ್ಲ. ಕೈಯಲ್ಲಿದ್ದ 21 ಮೈಕ್ರಾನಿನಲ್ಲಿ ನೆಮ್ಮದಿಯಾಗಿ ಉಳಿದದ್ದು 17. ಬದಲಿಗೆ, ಮುಂದಿನ ಆರ್ಡರಿನಲ್ಲಿ ಗೇಜಿನ ಮಾನಕ ಯಾವುದೆಂದು ನಮೂದಿಸಲೇಬೇಕೆಂದು ಕಂಪನಿಯವರನ್ನು ಒಪ್ಪಿಸಿದರು.

ಪೆಟ್ಟಿಗೆಯ ಬುಷ್‌ಗಳನ್ನು ಒಂದೊಂದಾಗಿ ಮತ್ತೆ ಅಳೆದರು. ಹೆಚ್ಚಿನವು ಸರಿಯೇ ಇದ್ದು ಟೆಂಪೋ ಹತ್ತಿದವು. ಹನ್ನೊಂದು ಮಾತ್ರ 25.021ನ್ನು ಅರ್ಧ ಮೈಕ್ರಾನಿನಷ್ಟು ದಾಟಿದ್ದವು. ಶೆಡ್ಡಿನ ಗೇಜು ಪಾಸು ಮಾಡಿದ್ದ ಆ ಹನ್ನೊಂದನ್ನೂ ಮಾಲೀಕರು ಯಾರಿಗೂ ಹೇಳದೆ ತಾವೇ ಪಕ್ಕಕ್ಕೆ ತೆಗೆದಿಟ್ಟರು.