ಗೌರಿಯ ಹಲಗೆ

ಆ ಸದ್ದು ಮೊದಲು ಕೇಳಿದ್ದು ಜುಲೈ ತಿಂಗಳ ಒಂದು ನಸುಕಿನಲ್ಲಿ. ಆಕ್ಲೆಂಡಿನಲ್ಲಿ ಜುಲೈ ಎಂದರೆ ನಡುಚಳಿಗಾಲ. ಹೊರಗೆ ಜಿನುಗು ಮಳೆ, ಒಳಗೆ ಹೊದಿಕೆಯ ಬಿಸುಪು, ಬಾಗಿಲಾಚೆ ಹಳೆಯ ಸೀರೆಯನ್ನು ಯಾರೋ ನಿಧಾನವಾಗಿ ಹರಿಯುತ್ತಿರುವಂಥ ಸದ್ದು. ಎದ್ದು ದೀಪ ಹಾಕಿ ಬಾಗಿಲು ತೆರೆದರೆ ನಮ್ಮ ಬೆಕ್ಕು ಗೌರಿ. ಹಿಂಗಾಲು ಊರಿ, ಬೆನ್ನನ್ನು ಉದ್ದಕ್ಕೆ ಎಳೆದು, ಮುಂಗಾಲಿನ ಹತ್ತೂ ಉಗುರುಗಳನ್ನು ಹೊಸ್ತಿಲ ಬಳಿಯ ಕಾರ್ಪೆಟ್ಟಿಗೆ ನೆಟ್ಟು ಕೆರೆಯುತ್ತಿದ್ದಳು. ನನ್ನನ್ನು ಕಂಡದ್ದೇ ಕಾಲಿಗೆ ಮೈ ಉಜ್ಜಿಕೊಂಡು ಒಳಗೆ ಬಂದಳು. ಹೊಸ್ತಿಲಲ್ಲಿ ಗೇಣುದ್ದಕ್ಕೆ ಉಣ್ಣೆಯ ಎಳೆಗಳು ಎದ್ದು ನಿಂತಿದ್ದವು.

ಕಾರ್ಪೆಟ್ ನಮ್ಮದಲ್ಲ, ಮನೆಯೂ ನಮ್ಮದಲ್ಲ. ಬಾಡಿಗೆಗೆ ಬರುವಾಗ ನಾಲ್ಕು ವಾರದ ಬಾಡಿಗೆಯನ್ನು ಬಾಂಡ್ ಎಂದು ಕಟ್ಟಿದ್ದೆವು. ಊರಿನ ಅಡ್ವಾನ್ಸ್ ಇದ್ದಂತೆ. ಇಲ್ಲಿ ಮಾತ್ರ ಆ ಹಣ ಸರ್ಕಾರದ ಬಳಿ ಇರುತ್ತದೆ. ಮಾಲೀಕರ ಕಡೆಯವರು 48 ಗಂಟೆ ಮುಂಚೆ ತಿಳಿಸಿ ಮನೆ ನೋಡಲು ಬರುತ್ತಾರೆ. ಗೋಡೆ, ಒಲೆ, ನೆಲ ಎಲ್ಲದರ ಫೋಟೋ ತೆಗೆದುಕೊಳ್ಳುತ್ತಾರೆ. ಹೀಗೆ ಬದುಕುತ್ತಾ ನಮಗೊಂದು ಅಭ್ಯಾಸ ಬಂದುಬಿಟ್ಟಿತ್ತು: ನಾವು ಇಲ್ಲಿದ್ದೇವೆ ಎಂಬ ಗುರುತು ಎಲ್ಲೂ ಉಳಿಯದಂತೆ ಇರುವುದು. ಒಗ್ಗರಣೆ ಹಾಕುವಾಗ ಕಿಟಕಿ ತೆರೆಯುತ್ತಿದ್ದೆವು. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಊರಿಂದ ತಂದ ಅಜ್ಜನ ಫೋಟೋ ನಾಲ್ಕು ವರ್ಷ ಪುಸ್ತಕದ ಕಪಾಟಿಗೆ ಒರಗಿಕೊಂಡೇ ಇತ್ತು. ಅಂಥ ಮನೆಗೆ, ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಪ್ರಾಣಿದಯಾ ಸಂಸ್ಥೆಯಿಂದ ಗೌರಿಯನ್ನು ತಂದಿದ್ದೆವು. ಬಂದ ಎರಡನೇ ತಿಂಗಳಿಗೇ ಅವಳು ಗುರುತು ಹಾಕತೊಡಗಿದಳು.

ಈ ದೇಶದಲ್ಲಿ ಉಣ್ಣೆಯ ಕಾರ್ಪೆಟ್ ಬರಿಯ ನೆಲಹಾಸಲ್ಲ. 1982ರಲ್ಲಿ ಇಲ್ಲಿ ಏಳು ಕೋಟಿ ಕುರಿಗಳಿದ್ದವು. ಈಗ ಎರಡೂವರೆ ಕೋಟಿಗೂ ಕಡಿಮೆ. ಇಲ್ಲಿನ ಬಹುಪಾಲು ಉಣ್ಣೆ ಮೆರಿನೊ ಕುರಿಯ ಉಣ್ಣೆಯಷ್ಟು ನಯವಲ್ಲ, ದಪ್ಪ ಎಳೆಯದ್ದು. ಕಾರ್ಪೆಟ್ಟಿಗೆ ಹೇಳಿ ಮಾಡಿಸಿದ್ದು. ಮೊದಲ ಸಲ ಅದರ ಮೇಲೆ ಬರಿಗಾಲಲ್ಲಿ ನಿಂತಾಗ ನನಗೆ ನೆನಪಾದದ್ದು ಅಜ್ಜ ಹೊದೆಯುತ್ತಿದ್ದ ಚಳ್ಳಕೆರೆಯ ಕಂಬಳಿ. ಅದೇ ಒರಟು, ಅದೇ ಬಿಸುಪು. ನಮ್ಮ ಬಾಡಿಗೆ ಮನೆಯದು ಕುಣಿಕೆ ನೇಯ್ಗೆ. ನೂಲು ಕತ್ತರಿಸದೆ ಸುತ್ತಿ ಸುತ್ತಿ ಬಿಟ್ಟದ್ದು. ನೋಡಲು ಚೆಂದ, ಬಾಳಿಕೆಯೂ ಹೆಚ್ಚು. ಆದರೆ ಒಂದು ಕುಣಿಕೆಗೆ ಉಗುರು ಸಿಕ್ಕಿ ಎಳೆದರೆ ಪಕ್ಕದ್ದು, ಅದರ ಪಕ್ಕದ್ದು ಎಂದು ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ. ನೂಲಿನ ತುದಿ ಕತ್ತರಿಸಿದ ನೇಯ್ಗೆಯಲ್ಲಿ ಉಗುರು ಸಿಕ್ಕಿಕೊಳ್ಳುವುದು ಕಡಿಮೆ. ಬೆಕ್ಕು ಸಾಕುವವರು ಸ್ವಂತ ಮನೆಗೆ ಕಾರ್ಪೆಟ್ ಆರಿಸುವಾಗ ಇದೊಂದನ್ನು ನೆನಪಿಡಬೇಕು.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಗದರಿಸಿದೆ. ಚಪ್ಪಾಳೆ ತಟ್ಟಿ ಓಡಿಸಿದೆ. ಯಾರೋ ಹೇಳಿದರೆಂದು ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಹಿಡಿದು ಮುಖಕ್ಕೆ ನೀರು ಎರಚಿದೆ. ಗೌರಿ ಕೆರೆಯುವುದನ್ನು ಬಿಡಲಿಲ್ಲ. ನನ್ನೆದುರು ಕೆರೆಯುವುದನ್ನು ಬಿಟ್ಟಳು. ನಾನು ಕೆಲಸಕ್ಕೆ ಹೋದ ಮೇಲೆ, ಎಲ್ಲರೂ ಮಲಗಿದ ಮೇಲೆ ಸೋಫಾದ ಪಕ್ಕ ಕೆರೆದಳು. ಒಂದು ಸಂಜೆ ನಾನು ನೀರು ಕುಡಿಯಲು ಬಾಟಲಿ ಎತ್ತಿದ್ದಷ್ಟೇ, ಅವಳು ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ಮಂಚದಡಿಗೆ ಓಡಿದಳು. ಕಾರ್ಪೆಟ್ ಹರಿದದ್ದಕ್ಕಿಂತ ಹೆಚ್ಚು ನೋವಾದದ್ದು ಆ ಓಟ ಕಂಡು. ನಂಬಿ ಬಂದ ಜೀವಕ್ಕೆ ನಾನು ಕಲಿಸಿದ್ದು ಒಂದೇ ಪಾಠ: ನನ್ನ ಕೈ ನಂಬಬಾರದು.

ಉಗುರನ್ನೇ ತೆಗೆಸಿಬಿಡಬಹುದೇ ಎಂದು ಪರಿಚಯದವರೊಬ್ಬರು ಕೇಳಿದ್ದರು. ಪಶುವೈದ್ಯೆ ವಿವರಿಸಿದಾಗಲೇ ಅದೇನೆಂದು ತಿಳಿದದ್ದು. ಬೆಕ್ಕಿನ ಉಗುರು ಬೆರಳಿನ ಕೊನೆಯ ಎಲುಬಿನಿಂದ ಬೆಳೆಯುತ್ತದೆ. ಉಗುರು ಬಾರದಂತೆ ಮಾಡಬೇಕಾದರೆ ಆ ಎಲುಬನ್ನೇ ಕತ್ತರಿಸಬೇಕು. ನಮ್ಮ ಹತ್ತೂ ಬೆರಳುಗಳ ತುದಿಗೆಣ್ಣು ಕತ್ತರಿಸಿದ ಹಾಗೆ. ಬೆಕ್ಕಿನ ಆರೋಗ್ಯಕ್ಕೆ ಬೇಕೇ ಬೇಕೆಂದು ವೈದ್ಯರು ನಿರ್ಧರಿಸಿದ ಹೊರತು ನ್ಯೂಜಿಲೆಂಡಿನ ಕಾನೂನು ಅದನ್ನು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ.

ಅವಳು ಕೆರೆಯುವುದು ಹಟಕ್ಕಲ್ಲ ಎಂಬುದನ್ನೂ ಆಗ ಕಲಿತೆ. ಉಗುರಿನ ಹಳೆಯ ಹೊರಪೊರೆ ಕಳಚಿ ಒಳಗಿನ ಚೂಪು ಹೊರಬರಬೇಕು. ನಿದ್ದೆಯಿಂದ ಎದ್ದ ಮೈಯ ಸ್ನಾಯುಗಳು ಸಡಿಲವಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಂಗಾಲಿನ ಮೆತ್ತೆಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಕೆರೆದ ಕಡೆ ಅವು ನಮ್ಮ ಮೂಗಿಗೆ ತಿಳಿಯದ ವಾಸನೆಯನ್ನು ಬಿಡುತ್ತವೆ. ಗೀರು ಕಣ್ಣಿಗೆ, ವಾಸನೆ ಮೂಗಿಗೆ: ಇದು ನಾನಿರುವ ಜಾಗ. ಗದರಿಸಿ ಹೆದರಿಸಿದರೆ ಬೆಕ್ಕಿಗೆ ಆ ಗುರುತಿನ ಅಗತ್ಯ ಇನ್ನೂ ಹೆಚ್ಚುತ್ತದೆ.

ಹೊರಗೆ ಬಿಟ್ಟರೆ ಮರವನ್ನೇ ಕೆರೆದುಕೊಂಡೀತು, ನಿಜ. ಆದರೆ ಹಿತ್ತಲಿನ ಹರಕೆಕೆ ಗಿಡ ಹೂ ಬಿಟ್ಟಾಗ ಮಕರಂದಕ್ಕೆ ತೂಯಿ ಹಕ್ಕಿಗಳು ಬರುತ್ತವೆ. ಬೇಲಿಯ ಮೇಲೆ ಬೀಸಣಿಗೆಯಂಥ ಬಾಲ ಬಿಚ್ಚಿ ಪೀವಕವಕ ಹಕ್ಕಿ ಕುಣಿಯುತ್ತದೆ. ಬಾವಲಿಗಳನ್ನು ಬಿಟ್ಟರೆ ಈ ನೆಲಕ್ಕೆ ತನ್ನದೇ ಆದ, ನೆಲದ ಮೇಲೆ ಬಾಳುವ ಸಸ್ತನಿ ಇರಲಿಲ್ಲ. ಬೆಕ್ಕಿನ ಉಗುರಿನ ಭಯ ಅರಿಯದೆ ಬೆಳೆದುಬಂದ ಹಕ್ಕಿಗಳು ಇವು. ಕುಕ್ ಜಲಸಂಧಿಯ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭದವರ ಜೊತೆ ಬೆಕ್ಕು ಬಂತು. ಅಲ್ಲಿದ್ದ, ಹಾರಲಾರದ ಪುಟ್ಟ ಹಕ್ಕಿಯೊಂದು ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಒಂದೇ ಬೆಕ್ಕು ಅಷ್ಟನ್ನೂ ಮುಗಿಸಿತೆಂದು ಜನ ಹೇಳುವುದು ಕತೆ; ಹಲವು ಬೆಕ್ಕುಗಳಿದ್ದವು. ಆದರೆ ಹಕ್ಕಿ ಹೋದದ್ದು ಕತೆಯಲ್ಲ. ಗೌರಿಯನ್ನು ಒಳಗೇ ಇಟ್ಟುಕೊಳ್ಳುವುದೆಂದು ನಾವು ಮೊದಲ ದಿನವೇ ತೀರ್ಮಾನಿಸಿದ್ದೆವು. ಮರವನ್ನು ಅವಳಿಂದ ಕಿತ್ತುಕೊಂಡವರು ನಾವು. ಬದಲಿಗೆ ಏನಾದರೂ ಕೊಡಬೇಕಾದವರೂ ನಾವೇ.

ಅಂಗಡಿಯಿಂದ ಬೆಕ್ಕು ಕೆರೆಯಲೆಂದೇ ಮಾಡಿದ ಒಂದು ಕಂಬ ತಂದೆವು. ಮೊಣಕಾಲೆತ್ತರ, ಹಗುರ. ಗೌರಿ ಒಮ್ಮೆ ಕಾಲಿಟ್ಟಳು, ಅದು ವಾಲಿತು, ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಆ ಭಾನುವಾರ ನಮ್ಮ ಊರು ಸಾಗರದಿಂದ ಅಮ್ಮ ವಿಡಿಯೊ ಕಾಲ್ ಮಾಡಿದಾಗ ಎಲ್ಲ ಹೇಳಿಕೊಂಡೆ.

"ನಮ್ಮನೆ ಬೆಕ್ಕು ಎಲ್ಲಿ ಕೆರೀತಿತ್ತು, ನೆನಪಿದ್ಯೇನೆ?" ಅಂದರು.

"ಜಗಲಿ ಕಂಬ."

"ಕಂಬ ಆ ಕರಿ ಬೆಕ್ಕು. ಅದರ ಮರಿ, ಕಂದು ಬಣ್ಣದ್ದು? ಅದು ಒಂದು ದಿನವೂ ಕಂಬ ಮುಟ್ಲಿಲ್ಲ. ಅಡಿಕೆ ಗೋಣಿ ಕೆಳಗೆ ಹಾಸಿದ್ದರೆ ಅದರ ಮೇಲೇ ಅದಕ್ಕೆ ಪ್ರೀತಿ. ನಿನ್ನ ಗೌರಿ ನೆಲ ಕೆರೀತಾಳೆ ಅಂತೀಯ, ನೀನು ಕಂಬ ತಂದಿಟ್ಟಿದ್ದೀಯ. ಅವಳು ಎಲ್ಲಿ ಕೆರೀತಾಳೋ ಅಲ್ಲೇ ನೆಲದ ಮೇಲೆ ಒರಟಾದ್ದು ಏನಾದ್ರೂ ಹಾಸೇ."

ಅಷ್ಟು ದಿನ ನಾನು ಕೆರೆಯುವುದನ್ನು ನೋಡಿದ್ದೆ, ಕೆರೆಯುವ ರೀತಿಯನ್ನು ನೋಡಿರಲಿಲ್ಲ. ಬೆಕ್ಕುಗಳಲ್ಲಿ ನೆಟ್ಟಗೆ ನಿಂತದ್ದನ್ನು ಕೆರೆಯುವವು ಉಂಟು, ಮಲಗಿದ್ದನ್ನು ಕೆರೆಯುವವು ಉಂಟು. ಕಾರ್ಪೆಟ್ ಕೆರೆಯುವ ಬೆಕ್ಕಿಗೆ ಬೇಕಾದ್ದು ಬಹಳ ಸಲ ಎರಡನೆಯದು. ಮೂರಡಿ ಉದ್ದದ ದಪ್ಪ ಪೈನ್ ಹಲಗೆ ತಂದು, ಅದಕ್ಕೆ ಹಗ್ಗವನ್ನು ಸಂದಿಲ್ಲದಂತೆ ಬಿಗಿಯಾಗಿ ಸುತ್ತಿದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ 'ಸೈಸಲ್' ಎಂದು ಬರೆದಿದ್ದ ಆ ಹಗ್ಗವನ್ನು ಮೂಗಿನ ಬಳಿ ಹಿಡಿದಾಗ ಗೊತ್ತಾಯಿತು: ಇದು ನಮ್ಮ ಕತ್ತಾಳೆ ಜಾತಿಯ ನಾರೇ. ಊರಿನ ಕೊಟ್ಟಿಗೆಯಲ್ಲಿ ದನ ಕಟ್ಟುತ್ತಿದ್ದ ಹಗ್ಗದ ವಾಸನೆ, ಆಕ್ಲೆಂಡಿನ ಮನೆಯ ನಡುವೆ. ಊರಾಗಿದ್ದರೆ ಅದಕ್ಕೆ ಕುಪ್ಪಿಗಿಡದ ಬೇರು ತಿಕ್ಕುತ್ತಿದ್ದೆ. ಆ ಬೇರು ಸಿಕ್ಕಿದರೆ ಬೆಕ್ಕುಗಳು ಹೊರಳಾಡಿಬಿಡುತ್ತವೆ. ಈ ದೇಶದ ಗಡಿಯಲ್ಲಿ ಗಿಡ, ಬೇರು, ಬೀಜಗಳ ತಪಾಸಣೆ ಬಹಳ ಬಿಗಿ, ತರುವ ಮಾತೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕ್ಯಾಟ್‌ನಿಪ್ ಎಂಬ ಒಣ ಎಲೆಯ ಪುಡಿ ಅದೇ ಕೆಲಸ ಮಾಡಿತು.

ಹಲಗೆಯನ್ನು ಮೂಲೆಯಲ್ಲಿ ಮರೆಮಾಡದೆ, ಅವಳು ಕೆರೆಯುತ್ತಿದ್ದ ಜಾಗದ ಮೇಲೇ, ಅವಳು ಮಲಗುವ ಸೋಫಾದ ಪಕ್ಕ ಇಟ್ಟೆವು. ಅಲುಗದಂತೆ ಅಡಿಗೆ ರಬ್ಬರ್ ಹಾಸು ಹಾಕಿದೆವು. ಕೆರೆದ ಕಾರ್ಪೆಟ್ಟನ್ನು ಚೆನ್ನಾಗಿ ತೊಳೆದು ಹಳೆಯ ವಾಸನೆ ತೆಗೆದೆವು. ಉಳಿದ ಕಡೆ ಕೆಲವು ವಾರ ಪ್ಲಾಸ್ಟಿಕ್ ಹಾಸು ಮುಚ್ಚಿದೆವು. ಹಲಗೆ ಕೆರೆದಾಗಲೆಲ್ಲ ಒಂದು ಚೂರು ಮೀನು. ಎರಡು ಮೂರು ವಾರಕ್ಕೊಮ್ಮೆ, ಅವಳು ತೂಕಡಿಸುವಾಗ, ಒಳಗೆ ಕೆಂಪಗೆ ಕಾಣುವ ರಕ್ತದ ಭಾಗಕ್ಕೆ ತಾಗದಂತೆ ಉಗುರಿನ ಮೊನೆ ಮಾತ್ರ ಕತ್ತರಿಸಿದೆ. ಹೊಸ್ತಿಲಿನ ಕಾರಣವೇ ಬೇರೆ ಇತ್ತು: ಅವಳಿಗೆ ಮುಚ್ಚಿದ ಬಾಗಿಲು ತೆರೆಯಬೇಕಿತ್ತು. ರಾತ್ರಿ ಬಾಗಿಲನ್ನು ಓರೆ ಮಾಡಿ ಬಿಟ್ಟೆವು, ಅಲ್ಲಿ ಕೆರೆಯುವುದು ನಿಂತಿತು. ಸೋಫಾದ ಬಳಿಯದು ನಿಲ್ಲಲು ಆರು ವಾರ ಹಿಡಿಯಿತು. ಆಮೇಲೆ ಹಲಗೆಯನ್ನು ದಿನಕ್ಕೆರಡು ಬೆರಳಿನಷ್ಟು ಸರಿಸುತ್ತಾ ಓಡಾಟಕ್ಕೆ ಅಡ್ಡಿಯಾಗದ ಕಡೆಗೆ ತಂದೆವು.

ಆಗಿದ್ದ ಹಾನಿಯನ್ನು ಮುಚ್ಚಿಡಲಿಲ್ಲ. ಮಾಲೀಕರಿಗೆ ಫೋಟೋ ಸಮೇತ ತಿಳಿಸಿದೆವು. ರಿಪೇರಿಗೆ ಬಂದವರು ಎದ್ದ ಎಳೆಗಳನ್ನು ಎಳೆಯದೆ ಕತ್ತರಿಯಿಂದ ಮಟ್ಟಕ್ಕೆ ಕತ್ತರಿಸಿದರು. ಹೊಸ್ತಿಲಿಗೆ ತೇಪೆ ಬೇಕಿತ್ತು. ಅದೇ ಬಣ್ಣ, ಅದೇ ಸವೆತದ ತುಂಡು ಎಲ್ಲಿ ಸಿಕ್ಕೀತು? ಬಟ್ಟೆ ಬೀರುವಿನ ಒಳಗಿನ ನೆಲದಿಂದ ಕತ್ತರಿಸಿ ತಂದು ಕೂರಿಸಿದರು, ಬೀರುವಿನೊಳಗೆ ಬೇರೆ ತುಂಡು ಹಾಕಿದರು. ಖರ್ಚು ನಾವು ಕೊಟ್ಟೆವು.

ಈ ಬೇಸಿಗೆಯಲ್ಲಿ ಬೇರೆ ಮನೆಗೆ ಬಂದೆವು. 2025ರ ಡಿಸೆಂಬರ್ 1ರಿಂದ ಸಾಕುಪ್ರಾಣಿಗೆಂದೇ ಎರಡು ವಾರದ ಬಾಡಿಗೆಯವರೆಗೆ ಬೇರೆ ಬಾಂಡ್ ಕೇಳುವ ಅವಕಾಶ ಬಂದಿದೆ. ಮಾಲೀಕರು ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ಬೇಡ ಎನ್ನುವಂತೆಯೂ ಇಲ್ಲ. ಗೌರಿಯ ಬಾಂಡ್ ಕಟ್ಟಿದೆವು. ಹಲಗೆಯ ಹಗ್ಗ ಅಷ್ಟರಲ್ಲಿ ಜಡೆ ಬಿಚ್ಚಿದಂತೆ ಆಗಿತ್ತು. ಹೊಸದು ಕೊಳ್ಳಬಹುದಿತ್ತು, ಕೊಳ್ಳಲಿಲ್ಲ. ಅದರಲ್ಲಿ ಅವಳ ವಾಸನೆ ಇದೆ. ಖಾಲಿ ಮನೆಯೊಳಗೆ ಎಲ್ಲಕ್ಕಿಂತ ಮೊದಲು ಆ ಹಲಗೆಯನ್ನಿಟ್ಟು ಗೌರಿಯ ಪೆಟ್ಟಿಗೆಯ ಬಾಗಿಲು ತೆರೆದೆ. ಅವಳು ಗೋಡೆಗುಂಟ ಬಗ್ಗಿ ನಡೆದಳು, ಹಲಗೆಯನ್ನು ಮೂಸಿದಳು, ಬೆನ್ನು ಉದ್ದಕ್ಕೆ ಎಳೆದು ಕೆರೆದಳು.

ಮರುದಿನವೇ ನಾನು ಮಾಲೀಕರಿಗೆ ಒಂದು ಪತ್ರ ಬರೆದೆ. ಬಾಡಿಗೆದಾರರು ಮನೆಯಲ್ಲಿ ಸಣ್ಣ ಬದಲಾವಣೆಗೆ ಒಪ್ಪಿಗೆ ಕೇಳಿದರೆ ಮಾಲೀಕರು 21 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ 2021ರಿಂದಲೇ ಇತ್ತು. ಅಲ್ಲಿಯವರೆಗೆ ಕೇಳುವ ಧೈರ್ಯ ನನಗೆ ಇರಲಿಲ್ಲ. ಈ ಸಲ ಒಂದೇ ಒಂದು ಮೊಳೆಗೆ ಒಪ್ಪಿಗೆ ಕೇಳಿದೆ. ವಾರದಲ್ಲೇ ಒಪ್ಪಿಗೆ ಬಂತು. ಅಜ್ಜನ ಫೋಟೋ ಈಗ ಗೋಡೆಯ ಮೇಲಿದೆ. ಅದರ ಕೆಳಗೆ ಗೌರಿಯ ಹಲಗೆ.