ಮೈನ್ ಅಂದರೆ ನನ್ನದು

ನಾನು ಎಂಟು ವರ್ಷ ಇಂಗ್ಲಿಷ್ ಮಿಸ್ ಆಗಿದ್ದೆ ಎಂದರೆ ನಮ್ಮ ತವರಿನವರು ಈಗಲೂ ನಗುತ್ತಾರೆ. ನಗಲಿ ಬಿಡಿ, ಅವರ ತಪ್ಪೇನಿಲ್ಲ. ತಿಪಟೂರಿನ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಐದನೇ ಕ್ಲಾಸಿಗೆ ಬಂದ ಮೇಲೆ ಎ ಬಿ ಸಿ ಡಿ ಕಂಡದ್ದು. 1995ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 41 ನಂಬರು ಬಂದಾಗ, ಪಾಸಾಯಿತಲ್ಲ ಎಂದು ಅಪ್ಪ ಮನೆಮನೆಗೂ ಸಕ್ಕರೆ ಹಂಚಿದ್ದರು. ಅಂಥವಳು ಇಂಗ್ಲಿಷ್ ಕಲಿಸುವುದೆಂದರೆ! ಅದೂ ಎಲ್ಲಿ? ಕೆಜಿಎಫ್‌ನಲ್ಲಿ.

ಮದುವೆಯಾಗಿ ಬಂಗಾರಪೇಟೆಗೆ ಬಂದದ್ದು 1999ರಲ್ಲಿ. ನಮ್ಮವರದು ಬಜಾರಿನಲ್ಲಿ ಒಂದು ಚಿಕ್ಕ ದಿನಸಿ ಅಂಗಡಿ. ಬಂದ ಹೊಸದರಲ್ಲಿ ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತೂಕದ ಬಟ್ಟಿನಿಂದ ಕಣ್ಣು ತೆಗೆಯದೆ ಒಬ್ಬರ ಹತ್ತಿರ ತೆಲುಗು, ಇನ್ನೊಬ್ಬರ ಹತ್ತಿರ ತಮಿಳು, ಒಳಗಿದ್ದ ಅತ್ತೆಯ ಹತ್ತಿರ ಕನ್ನಡ ಮಾತಾಡೋರು. ನನಗೆ ಒಂದೇ ಭಾಷೆ, ಒಂದೇ ಅಡಿಗೆ. ಎಲ್ಲದಕ್ಕೂ ಕಾಯಿ ತುರಿದು ಹಾಕುತ್ತೇನೆಂದು ಅತ್ತೆ, "ನಿಮ್ಮಪ್ಪನ ತೋಟ ಇಲ್ಲಿಲ್ಲ ಕಣಮ್ಮಾ" ಎನ್ನುತ್ತಿದ್ದರು. ಬಂಗಾರಪೇಟೆಯ ಪಾನಿಪುರಿಯ ನೀರು ಬಾವಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಆದರೆ ಬಾಯಿಗೆ ಹಾಕಿದರೆ ಕಣ್ಣಲ್ಲೂ ನೀರು. ಹೊಸ ಊರೂ ನನಗೆ ಹಾಗೇ ಇತ್ತು.

2012ರಲ್ಲಿ ಚಿಕ್ಕ ಮಗನೂ ಶಾಲೆಗೆ ಸೇರಿದ. ಚಾಂಪಿಯನ್ ರೀಫ್ ಕಡೆಯ ಒಂದು ಪುಟ್ಟ ಶಾಲೆಗೆ ಮಿಸ್ ಬೇಕಂತೆ, ನಾಲ್ಕನೇ ಕ್ಲಾಸಿನವರೆಗೆ ಮಾತ್ರ, ಎಸ್ಸೆಸ್ಸೆಲ್ಸಿ ಆದವರಾದರೂ ಪರವಾಗಿಲ್ಲವಂತೆ ಎಂದು ಪಕ್ಕದ ಮನೆಯಾಕೆ ಹೇಳಿದರು. ಸಂಬಳ ತಿಂಗಳಿಗೆ 1,800 ರೂಪಾಯಿ. ನಮ್ಮವರಿಗೆ ಹೇಳಿದೆ. "ಕೆಜಿಎಫ್‌ನವರಿಗೆ ನೀನು ಇಂಗ್ಲಿಷ್ ಕಲಿಸೋದಾ? ಅಲ್ಲಿ ಬೀದಿ ನಾಯಿನೂ ಇಂಗ್ಲಿಷಲ್ಲೇ ಬೊಗಳೋದು ಕಣೇ" ಎಂದು ನಕ್ಕರು. ಅತ್ತೆ ಮಾತ್ರ, "ಹೋಗಲಿ ಬಿಡೋ, ಮನೇಲಿ ಕೂತು ಕಾಯಿ ತುರಿಯೋದಾದರೂ ಕಮ್ಮಿಯಾಗುತ್ತೆ" ಎಂದರು. ಅವರ ಒಪ್ಪಿಗೆ ಸಿಕ್ಕಿದ್ದು ಹಾಗೆ!

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮುದ್ದೆ, ಸಾರು ಮುಗಿಸಿ, ಮಕ್ಕಳ ಡಬ್ಬಿ ಕಟ್ಟಿ, ಸ್ಟೇಷನ್ನಿಗೆ ಓಡಬೇಕು. ಆ ಹೊತ್ತಿಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದ ಗಂಡಸರು, ನಿಂತೇ ಜಡೆ ಹಾಕಿಕೊಳ್ಳುವ ಹುಡುಗಿಯರು. ಕೆಜಿಎಫ್‌ಗೆ ಕೆಜಿಎಫೇ ಬೆಂಗಳೂರಿಗೆ ದುಡಿಯಲು ಹೊರಟ ಹಾಗೆ. ನಾನು ಹತ್ತುವ ಗಾಡಿ ಅದಕ್ಕೆ ಎದುರು ದಿಕ್ಕಿನದು, ಅರ್ಧ ಖಾಲಿ. ಕಿಟಕಿ ಪಕ್ಕ ಕೂತು, ಅಂದಿನ ಪಾಠದ ಇಂಗ್ಲಿಷ್ ಪದಗಳನ್ನು ಮಗನ ಡಿಕ್ಷನರಿಯಲ್ಲಿ ನೋಡಿಕೊಂಡು ಹೋಗುತ್ತಿದ್ದೆ.

ಊರು ಹತ್ತಿರವಾಗುತ್ತಿದ್ದ ಹಾಗೆ ಬೂದು ಬಣ್ಣದ ಗುಡ್ಡಗಳು ಕಾಣಿಸುತ್ತವೆ. ಮೊದಲ ದಿನ ಬೆಟ್ಟ ಎಂದುಕೊಂಡೆ. ಬೆಟ್ಟವಲ್ಲ, ಚಿನ್ನ ತೆಗೆದು ಉಳಿದ ಪುಡಿ ಸುರಿದ ರಾಶಿ, ಸೈನೈಡ್ ದಿಬ್ಬ. ಗಾಳಿಗಾಲದಲ್ಲಿ ಆ ಪುಡಿ ಡಬ್ಬಿಯ ಅನ್ನದ ಮೇಲೂ ಬೀಳುತ್ತಿತ್ತು. (2018ರಲ್ಲಿ ಸಿನಿಮಾ ಬಂದ ಮೇಲೆ ಜನ ಅಲ್ಲಿಗೆ ಫೋಟೊ ತೆಗೆಸಿಕೊಳ್ಳಲು ಬರತೊಡಗಿದರು. ಅಲ್ಲಿ ಬಟ್ಟೆ ಒಣಹಾಕುವವರ ಕಷ್ಟ ಅವರಿಗೇನು ಗೊತ್ತು!) 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಕೈಹಾಕಿದ ಮೇಲೆ ಬೆಳೆದ ಊರು ಅದು. ಶಿವನಸಮುದ್ರದ ಕರೆಂಟು 1902ರಲ್ಲೇ, ಬೆಂಗಳೂರಿಗಿಂತ ಮೊದಲು, ಇಲ್ಲಿಗೆ ಬಂತು. ದೊರೆಗಳಿಗೆ ಬಂಗಲೆ, ಕ್ಲಬ್ಬು. ತಮಿಳು, ತೆಲುಗು ಸೀಮೆಯಿಂದ ಬಂದು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಿಗೆ ಸಾಲುಸಾಲಾಗಿ ಲೈನ್ ಮನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾನು ಪಾಠ ಹೇಳಿದ್ದು ಆ ಕೆಲಸಗಾರರ ಮೊಮ್ಮಕ್ಕಳಿಗೆ.

ಮಕ್ಕಳ ಮನೆಮಾತು ತಮಿಳು. ನನ್ನ ತಮಿಳು ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತು ಕಲಿತಷ್ಟೇ. ಮೊದಲ ವಾರ ಕ್ಲಾಸಿನ ಕಿಟಕಿಯಿಂದ ಕಾಣುವ ಕಬ್ಬಿಣದ ಗೋಪುರ ತೋರಿಸಿ, ಅದೇನು ಮಕ್ಕಳೇ ಎಂದೆ. "ಶಾಫ್ಟ್ ಮಿಸ್. ಮೂಡಿಟ್ಟಾಂಗ" ಎಂದರು. ನಾನು, "ಹೌದೌದು, ಎಷ್ಟು ಎತ್ತರಕ್ಕೆ ಮೂಡಿದೆ!" ಎಂದೆ. ಕ್ಲಾಸೆಲ್ಲ ಗೊಳ್ಳೆಂದಿತು. ಕನ್ನಡದಲ್ಲಿ ಸೂರ್ಯ ಮೂಡುತ್ತಾನೆ, ತಮಿಳಿನಲ್ಲಿ ಮೂಡುವುದೆಂದರೆ ಮುಚ್ಚುವುದು. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಾನೂ ನಕ್ಕೆ. ಆದರೆ ಎಲ್ಲ ತಪ್ಪುಗಳೂ ನಗುವಂಥವಾಗಿರಲಿಲ್ಲ.

2014ರ ಮಾತು. ಮೂರನೇ ಕ್ಲಾಸಿನವರಿಗೆ ಇಂಗ್ಲಿಷ್ ಪದ ಕೊಟ್ಟು ಕನ್ನಡ ಅರ್ಥ ಬರೆಸಿದ್ದೆ. ಯುವರ್ಸ್ ಅಂದರೆ ನಿಮ್ಮದು, ಹಿಸ್ ಅಂದರೆ ಅವನದು. ಮೈನ್ ಅಂದರೆ? ಒಬ್ಬ ಹುಡುಗಿ 'ಗಣಿ' ಎಂದು ಬರೆದಿದ್ದಳು. ಅಕ್ಷರ ಮುದ್ದಾಗಿತ್ತು. ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ತಪ್ಪು ಹಾಕಿದೆ. ಅವಳು, "ಕರೆಕ್ಟ್ ಮಿಸ್ ಅದು" ಎಂದಳು. ಎದುರು ಮಾತಾಡುತ್ತಾಳಲ್ಲ ಎಂದು ಸಿಟ್ಟು ಬಂತು. 'ಮೈನ್ ಅಂದರೆ ನನ್ನದು' ಎಂದು 20 ಸಲ ಬರೆದು ತಾ ಎಂದೆ.

ನೀವು ಕೇಳಬಹುದು, ಆ ಊರಿನಲ್ಲಿ ಎರಡು ವರ್ಷ ಪಾಠ ಹೇಳಿದವಳಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು. ಮೈನ್ಸ್, ಮೈನ್ಸ್ ಎಂದು ದಿನಾ ಕಿವಿಗೆ ಬೀಳುತ್ತಿತ್ತು. ಅದು ಬೇರೆ ಯಾವುದೋ ಪದ, ಅದರ ಸ್ಪೆಲಿಂಗೂ ಬೇರೆ ಎಂದೇ ನನ್ನ ತಿಳಿವಳಿಕೆ. ಅಕ್ಷರದಲ್ಲಿ ನೋಡಿರಲಿಲ್ಲ, ನೋಡಿದ್ದರೂ ಗಮನಿಸಿರಲಿಲ್ಲ.

ಮಾರನೆಯ ದಿನ ಅವಳ ತಾತ ಬಂದರು. ತೊಳೆದು ತೊಳೆದು ತೆಳುವಾದ ಬಿಳಿ ಶರಟು, ಮಾತಿಗೊಮ್ಮೆ ಕೆಮ್ಮು. ಬಯ್ಯಲು ಬಂದಿದ್ದಾರೆಂದು ನನ್ನ ಕೈ ತಣ್ಣಗಾಯಿತು. ಬಯ್ಯಲಿಲ್ಲ. ನೋಟ್ ಬುಕ್ ಮುಂದಿಟ್ಟು, "20 ಸಲ ಬರೆದವಳೆ, ನೋಡಿ ಟೀಚರಮ್ಮಾ. ನೀವು ಹೇಳಿದ್ದೂ ಕರೆಕ್ಟೇ. ಆದ್ರೆ ನಾನು ಅಂಡರ್‌ಗ್ರೌಂಡಲ್ಲಿ 29 ವರ್ಷ ಮಾಡಿದ್ದು ಇದೇ ಮೈನ್. ಇದೇ ಸ್ಪೆಲ್ಲಿಂಗು. ಮಗು ರಾತ್ರಿ ಎಲ್ಲಾ ಕೇಳ್ತಾ ಇತ್ತು, ತಾತಾ, ನೀನು ಸುಳ್ಳು ಹೇಳಿದ್ಯಾ ಅಂತ" ಎಂದರು. ಅಷ್ಟೇ ಹೇಳಿ, ಕೈಮುಗಿದು ಹೋದರು.

ಬ್ಯಾಗಿನಿಂದ ಡಿಕ್ಷನರಿ ತೆಗೆದು ನೋಡಿದೆ. ಒಂದರ ಕೆಳಗೊಂದು ಎರಡೂ ಅರ್ಥ ಇದ್ದವು. ಅಂದು ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಜೊತೆಯ ಮಿಸ್ ಒಬ್ಬರು, "ಮಕ್ಕಳ ಮುಂದೆ ಮಾತ್ರ ತಪ್ಪು ಒಪ್ಪಿಕೊಳ್ಳಬೇಡಿ, ನಾಳೆಯಿಂದ ಹೆದರೋದೇ ಇಲ್ಲ" ಎಂದು ಬುದ್ಧಿ ಹೇಳಿದರು. ಮನೆಯಲ್ಲಿ ಹೇಳಿದರೆ ನಮ್ಮವರು, ನಾನು ಮೊದಲೇ ಹೇಳಲಿಲ್ಲವಾ ಎಂದಾರು. ಕೆಲಸ ಬಿಟ್ಟುಬಿಡೋಣ ಅನ್ನಿಸಿತು. ಅಂಜಿಕೆ ನನ್ನ 41 ನಂಬರಿನದಲ್ಲ. ಗಣಿ ಮುಚ್ಚಿದ ಐದಾರು ವರ್ಷಕ್ಕೆ ಹುಟ್ಟಿದ ಮಗು ಅದು. ತಾತನ ದುಡಿಮೆಯನ್ನು ಅದು ಕಂಡಿದ್ದು ಆ ಒಂದು ಪದದಲ್ಲಿ. ಅದರ ಮೇಲೇ ಕೆಂಪು ಗೆರೆ ಎಳೆದಿದ್ದೆ.

ಕೊನೆಯ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಎರಡೂ ಅರ್ಥ ಬರೆದೆ. "ನಿನ್ನೆ ಮಿಸ್ ತಪ್ಪು ಹೇಳಿದ್ದರು, ಇವಳು ಬರೆದದ್ದು ಸರಿ" ಎಂದೆ. ಗಂಟಲು ಒಣಗಿತ್ತು. ಅವಳ ಪುಸ್ತಕದ ಕೆಂಪು ಗುರುತಿನ ಪಕ್ಕ 'ಸರಿ' ಎಂದು ಬರೆದು ಸಹಿ ಹಾಕಿದೆ. ಮಕ್ಕಳು ಹೆದರುವುದನ್ನೇನೂ ಬಿಡಲಿಲ್ಲ, ಹಾಗೆಯೇ ಹೆಚ್ಚಾಗಿ ಓದಲೂ ಇಲ್ಲ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮನೆಯ ಹಿರಿಯರಿಂದ ಒಂದು ಇಂಗ್ಲಿಷ್ ಪದ ಕೇಳಿಕೊಂಡು ಬನ್ನಿ ಎಂದು ಶನಿವಾರ ಹೇಳಿ ಕಳಿಸುವುದು. ಕೇಜು, ಲೆವೆಲ್ಲು, ಶಿಫ್ಟು, ಬ್ಲಾಸ್ಟಿಂಗು ಬರುತ್ತಿದ್ದವು. ದೊರೆಗಳ ಬಂಗಲೆಯಲ್ಲಿ ಅಡಿಗೆ ಮಾಡಿದವರ ಮನೆಯಿಂದ ಪುಡ್ಡಿಂಗು, ಕಟ್ಲೆಟ್ಟು. ಎಷ್ಟೋ ಪದ ನನಗೇ ಹೊಸದು. ಅಪ್ಪಂದಿರನ್ನು ಮಾತ್ರ ಕೇಳುವ ಹಾಗಿರಲಿಲ್ಲ. ನಸುಕಿನ ಗಾಡಿಗೆ ಹೋಗಿ ಮಕ್ಕಳು ಮಲಗಿದ ಮೇಲೆ ಬರುವವರು ಅವರು. ಭಾನುವಾರ ಮನೆಯಲ್ಲಿದ್ದರೂ ನಿದ್ದೆ. "ಮೈ ಫಾದರ್ ಈಸ್ ಸ್ಲೀಪಿಂಗ್" ಎಂಬ ವಾಕ್ಯ ಆ ಮಕ್ಕಳಿಗೆ ನಾನು ಕಲಿಸಬೇಕಾಗಿರಲಿಲ್ಲ.

2020ರ ಮಾರ್ಚಿನಲ್ಲಿ ಗಾಡಿ ನಿಂತಿತು, ಶಾಲೆಯೂ ನಿಂತಿತು. ಆ ಪುಟ್ಟ ಶಾಲೆ ಮತ್ತೆ ತೆರೆಯಲಿಲ್ಲ. ಈಗ ಬಂಗಾರಪೇಟೆಯ ಮನೆಯಲ್ಲೇ ಸಂಜೆ ಏಳೆಂಟು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅನುಮಾನ ಬಂದ ಪದವನ್ನು ಡಿಕ್ಷನರಿಯಲ್ಲಿ ನೋಡದೆ ಕೆಂಪು ಪೆನ್ನು ಮುಟ್ಟುವುದಿಲ್ಲ.

ಮೊನ್ನೆ ಅತ್ತೆಯ ಕಣ್ಣು ತೋರಿಸಲು ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೊರಟಿದ್ದೆ. ಹಿಂದೆ ನಾನು ಪ್ಲಾಟ್‌ಫಾರಂನಿಂದ ನೋಡುತ್ತಿದ್ದ ಅದೇ ನೂಕುನುಗ್ಗಲು. "ಮಿಸ್!" ಎಂದು ಯಾರೋ ಕೂಗಿ, ಎದ್ದು ಅತ್ತೆಗೆ ಸೀಟು ಬಿಟ್ಟರು. ಅವಳೇ. ಡಿಗ್ರಿ ಓದುತ್ತಿದ್ದಾಳಂತೆ. ತಾತ ತೀರಿಹೋಗಿ ಮೂರು ವರ್ಷವಾಯಿತಂತೆ. ನಡುವೆ ಫೋನ್ ಬಂತು, ಯಾರ ಹತ್ತಿರವೋ ಸರಸರ ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಅರ್ಧ ಅರ್ಥವಾಯಿತು. ಆಮೇಲೆ ಡಬ್ಬಿ ತೆಗೆದು, "ನಾನೇ ಮಾಡಿದ್ದು ಮಿಸ್" ಎಂದು ಪುಳಿಯೋಗರೆ ಕೊಟ್ಟಳು.

ಉಪ್ಪು ಒಂದು ಕಲ್ಲು ಮುಂದಾಗಿದೆ ಎಂದರು ಅತ್ತೆ, ಎರಡನೇ ಸಲ ಕೈ ಚಾಚುತ್ತಾ.